ಬದಿಯಡ್ಕದ ಭಾನುವಾರದ ಇಂಗ್ಲಿಷ್ ಕ್ಲಾಸ್: ನಮ್ಮ ಒಂದು ‘ಆಗುವುದಿಲ್ಲ’ಕ್ಕೆ ಎಷ್ಟು ಇಂಗ್ಲಿಷ್?

ನಾನು ನರ್ಸ್. ಮನೆ ಕಾಸರಗೋಡಿನ ಕುಂಬಳೆ ಹತ್ತಿರ, ಕೆಲಸ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಹತ್ತನೆಯವರೆಗೆ ಓದಿದ್ದು ಕನ್ನಡ ಮೀಡಿಯಂ. ಹೊರದೇಶಕ್ಕೆ ಹೋಗಲು ಒಇಟಿ, ಅಂದರೆ ನರ್ಸ್, ಡಾಕ್ಟರಂಥವರಿಗಾಗಿ ಇರುವ ಇಂಗ್ಲಿಷ್ ಪರೀಕ್ಷೆ, ಬರೆಯಬೇಕಿತ್ತು. ಅದಕ್ಕಾಗಿ ಬದಿಯಡ್ಕದಲ್ಲಿ ಒಬ್ಬರು ನಿವೃತ್ತ ಟೀಚರ್ ಮನೆಯ ಜಗಲಿಯಲ್ಲಿ ನಡೆಸುವ ಭಾನುವಾರದ ಕ್ಲಾಸಿಗೆ ನಾಲ್ಕು ತಿಂಗಳು ಹೋದೆ. ಬೋರ್ಡ್ ಇಲ್ಲ, ಹೆಸರೂ ಇಲ್ಲ. ನಮ್ಮೂರಿನ ಹುಡುಗಿಯರು ಈ ಪರೀಕ್ಷೆಗೆ ತುಂಬಾ ಜನ ತಯಾರಾಗುತ್ತಿದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ಒಂದು ದೊಡ್ಡ ಕೋಚಿಂಗ್ ಸೆಂಟರಿಗೆ ಸೇರಿದ್ದೆ. ಎಸಿ ರೂಮು, ದಪ್ಪ ಪುಸ್ತಕ, ಎಲ್ಲವೂ ಇತ್ತು. ಪುಸ್ತಕದಲ್ಲಿ ‘ಡಿಸ್‌ಲೈಕ್’ ಎಂಬ ಪದದ ಎದುರು ಒಂದು ಸಾಲು: ಹೇಟ್, ಡಿಟೆಸ್ಟ್, ಲೋದ್, ಅಬ್‌ಹಾರ್, ಡಿಸ್‌ಪೈಸ್. ಎಲ್ಲಕ್ಕೂ ಅರ್ಥ ಒಂದೇ, ದೊಡ್ಡ ಪದ ಹಾಕಿದರೆ ಮಾರ್ಕ್ ಜಾಸ್ತಿ ಅಂದರು. ನಾನು ನಂಬಿದೆ, ರಾತ್ರಿ ಡ್ಯೂಟಿಯ ನಡುವೆ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ರೋಗಿಯ ಬಗ್ಗೆ ಒಂದು ಪತ್ರ ಬರೆಯಲಿಕ್ಕಿರುತ್ತದೆ. ಅದರ ಅಭ್ಯಾಸಕ್ಕೆ ಹಾಲು ಕುಡಿಯದ ರೋಗಿಯ ಬಗ್ಗೆ ಬರೆಯುವಾಗ ‘ದಿ ಪೇಷಂಟ್ ಡಿಸ್‌ಪೈಸಸ್ ಮಿಲ್ಕ್’ ಅಂತ ಬರೆದೆ. ಅಲ್ಲಿ ಯಾರೂ ತಿದ್ದಲಿಲ್ಲ. ಸರಿ ಗುರುತು ಹಾಕಿ ಕೊಟ್ಟರು.

ಅದೇ ಪತ್ರವನ್ನು ಬದಿಯಡ್ಕದ ಟೀಚರಿಗೆ ಮೊದಲ ದಿನ ತೋರಿಸಿದೆ. ಅವರು ನಗಲಿಲ್ಲ. “ಡಿಸ್‌ಪೈಸ್ ಅಂದ್ರೆ ಕೀಳಾಗಿ ನೋಡುವುದು ಮಗಾ. ಲ್ಯಾಟಿನ್‌ನಲ್ಲಿ ಅದರ ಮೂಲವೇ ಕೆಳಗೆ ನೋಡು ಅಂತ. ಹಾಲನ್ನು ಯಾರಾದರೂ ಕೀಳಾಗಿ ನೋಡ್ತಾರಾ?” ಅಂದರು. ನಮ್ಮ ‘ಕೀಳಾಗಿ ನೋಡು’ ಕೂಡ ಹಾಗೇ ಹುಟ್ಟಿದ್ದು ಅಲ್ವಾ? ಆ ಪದವನ್ನು ನಾನು ಮತ್ತೆಂದೂ ಮರೆಯಲಿಲ್ಲ. ಅಬ್‌ಹಾರ್ ಪದದೊಳಗೆ ಮೈ ನಡುಗುವ, ಕೂದಲು ನಿಮಿರುವ ಅರ್ಥ ಇದೆ. ಹಿಂಸೆ, ಕ್ರೌರ್ಯ ಇಂಥದ್ದಕ್ಕೆ ಅದು ಸರಿ, ಉಪ್ಪಿಟ್ಟಿಗೆ ಅಲ್ಲ.

ಆಮೇಲಿನ ಮೂರು ಭಾನುವಾರ ಪೂರ್ತಿ ಈ ಪದಗಳೇ. ಅಷ್ಟು ಹೊತ್ತು ಬೇಕಾ ಅಂತ ಮೊದಲು ನನಗೂ ಅನಿಸಿತ್ತು. ಬೇಕು. ಯಾಕೆಂದರೆ ನಮ್ಮ ರೋಗಿಗಳು ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಾರೆ: “ನನಗೆ ಅದು ಆಗುವುದಿಲ್ಲ.” ಹಾಲು ಆಗುವುದಿಲ್ಲ. ಮೀನು ಆಗುವುದಿಲ್ಲ. ಸೊಸೆಯನ್ನು ಕಂಡರೆ ಆಗುವುದಿಲ್ಲ. ಟೀಚರ್ ಹಾಲನ್ನೇ ಹಿಡಿದುಕೊಂಡು ಬಿಡಿಸಿದರು. ರುಚಿ ಹಿಡಿಸದಿದ್ದರೆ ಡಿಸ್‌ಲೈಕ್. ವಾಸನೆ ಬಂದ ಕೂಡಲೇ ಓಕರಿಕೆ ಬಂದು ಮುಖ ತಿರುಗಿದರೆ ಅವರ್ಷನ್. ಕುಡಿದ ಮೇಲೆ ಹೊಟ್ಟೆ ಉಬ್ಬರ, ಭೇದಿ ಆದರೆ ಇನ್‌ಟಾಲರೆನ್ಸ್. ಮೈಮೇಲೆ ದದ್ದು ಎದ್ದು ಉಸಿರು ಕಟ್ಟಿದರೆ ಅಲರ್ಜಿ. ಕೊನೆಯದನ್ನು ಮೊದಲನೆಯದೆಂದು ಬರೆದರೆ ಒಂದು ಜೀವವೇ ಹೋಗಬಹುದು.

ಎರಡನೇ ಭಾನುವಾರ ಟೀಚರ್ ಒಳಗಿನಿಂದ ಒಂದು ಭರಣಿ ತಂದು ಬೆಂಚಿನ ಮೇಲಿಟ್ಟರು. ಉಪ್ಪುಸೊಳೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಬಟ್ಟೆ ಬಿಚ್ಚಿ ಮುಚ್ಚಳ ತೆಗೆದಾಗ ಆ ಹುಳಿಮಿಶ್ರ ವಾಸನೆ ಜಗಲಿಯೆಲ್ಲ ತುಂಬಿತು. ನನಗೆ ರೊಟ್ಟಿ ನೆನಪಾಗಿ ಬಾಯಲ್ಲಿ ನೀರೂರಿತು. ನನ್ನ ಪಕ್ಕ ಕೂತಿದ್ದವಳು ನಾಲ್ಕು ತಿಂಗಳ ಬಸುರಿ. ಅವಳು ಮೂಗಿಗೆ ಶಾಲು ಒತ್ತಿ ಮುಖ ಗೋಡೆಯ ಕಡೆ ತಿರುಗಿಸಿದಳು. ಟೀಚರ್ ತಕ್ಷಣ ಮುಚ್ಚಿ, ಅವಳಿಗೆ ನೀರು ಕೊಟ್ಟು, ಕ್ಷಮೆ ಕೇಳಿದರು. ಅವಳು ಬಸುರಿ ಅಂತ ಅವರಿಗೆ ಗೊತ್ತಿರಲಿಲ್ಲ. ಆದರೆ ಅವಳೇ ಹೇಳಿದ್ದು ಕೇಳಿ: “ಟೀಚರ್, ಉಪ್ಪುಸೊಳೆ ರೊಟ್ಟಿ ನನಗೆ ಭಾರಿ ಇಷ್ಟ. ಈಗ ಮಾತ್ರ ಹೀಗೆ.” ಅಲ್ಲಿಗೆ ಪಾಠ ಮುಗಿಯಿತು. ಅವರ್ಷನ್ ಅಂದರೆ ಮೂಲದಲ್ಲಿ ‘ಆಚೆ ತಿರುಗು’. ಇಷ್ಟ ಇರುವುದರ ಮೇಲೂ ಅವರ್ಷನ್ ಬರಬಹುದು. ಕೀಮೋ ತೆಗೆದುಕೊಳ್ಳುವವರಲ್ಲಿ ಇದನ್ನು ನಾನೇ ನೋಡಿದ್ದೇನೆ. ಮನೆಯಿಂದ ತಂದ ಪ್ರೀತಿಯ ಸಾರನ್ನೇ ದೂರ ತಳ್ಳುತ್ತಾರೆ. ಇಂಥ ರೋಗಿಗೆ ‘ಡಿಸ್‌ಲೈಕ್ಸ್ ಫುಡ್’ ಅಂತ ಬರೆದರೆ ತಪ್ಪು ಅವರದ್ದು ಎಂಬಂತೆ ಆಗುತ್ತದೆ.

ಇದರ ಅಕ್ಕಪಕ್ಕದ್ದೂ ಇವೆ. ಅವರ್ಸ್ ಅಂದರೆ ಮನಸ್ಸಿಲ್ಲದವನು, ಅಡ್ವರ್ಸ್ ಅಂದರೆ ಪ್ರತಿಕೂಲ. ಔಷಧಿಯಿಂದ ಆಗುವ ತೊಂದರೆ ‘ಅಡ್ವರ್ಸ್ ರಿಯಾಕ್ಷನ್’. ನಾನು ವರ್ಷಗಟ್ಟಲೆ ಹೇಳಿದ್ದು ಅವರ್ಸ್. ಲೋದ್ ಕ್ರಿಯಾಪದ, ಹೇಸುವುದು. ಕೊನೆಯ ‘ಇ’ ತೆಗೆದರೆ ಲೋತ್, ಅರ್ಥ ಬರೀ ‘ಮನಸ್ಸು ಒಪ್ಪದ’. ಕ್ಲಾಸಿನ ಮಲಯಾಳಿ ಹುಡುಗಿ “ಅದು ನಮ್ಮ ಮಡಿ” ಅಂದಳು. ಅವರ ಮಡಿಗೂ ನಮ್ಮ ಮಡಿಗೂ ಸಂಬಂಧ ಇಲ್ಲ, ಅವರದ್ದು ಮನಸ್ಸಿಲ್ಲದಿರುವುದು, ಸೋಮಾರಿತನ. ನಮ್ಮ ಕಡೆ ಅದಕ್ಕೆ ಉದಾಸೀನ ಅನ್ನುತ್ತೇವೆ. ಆಪರೇಷನ್ ಆದವರು “ನಡೆಯಲು ಉದಾಸೀನ ಆಗ್ತದೆ” ಅಂದರೆ ಅದು ಮನಸ್ಸಿನದ್ದಾ, ಶಕ್ತಿ ಇಲ್ಲದ್ದಾ? ಕೇಳದೆ ಬರೆಯಬಾರದು. ಪತ್ರದಲ್ಲಿ ಲೋತ್ ಬೇಡ, ‘ರಿಲಕ್ಟಂಟ್’ ಸಾಕು ಅಂದರು ಟೀಚರ್.

ಈಗ ಕೊರತೆಗಳು. ಒಇಟಿಯ ಪತ್ರಕ್ಕೆ ಒಟ್ಟು 45 ನಿಮಿಷ, ಅದರಲ್ಲಿ ಮೊದಲ 5 ನಿಮಿಷ ಕೇಸ್ ನೋಟ್ಸ್ (ರೋಗಿಯ ವಿವರದ ಟಿಪ್ಪಣಿ) ಓದಲು, ಉಳಿದ 40ರಲ್ಲಿ 180ರಿಂದ 200 ಪದ ಬರೆಯಬೇಕು. ಗಡಿಯಾರ ಇಟ್ಟು ಬರೆಸುವ ಅಭ್ಯಾಸ ಇಲ್ಲಿ ಇಲ್ಲವೇ ಇಲ್ಲ. ಅದನ್ನು ಮನೆಯಲ್ಲಿ ನೀವೇ ಮಾಡಬೇಕು. ಲಿಸನಿಂಗ್ ಕೂಡ ಕಡಿಮೆ. ಒಂದು ಸಣ್ಣ ಸ್ಪೀಕರ್, ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ. ಕರೆಂಟ್ ಹೋದರೆ ಅದೂ ಇಲ್ಲ. ಮಳೆಗಾಲದಲ್ಲಿ ಇದು ಪ್ರತಿ ವಾರದ ಕಥೆ. ಭಾನುವಾರ ಬಸ್ ಕಡಿಮೆ, ಕುಂಬಳೆಯಿಂದ ಹೋಗುವವರು ಬೇಗ ಹೊರಡಿ.

ಮಾತಿನ ಪರೀಕ್ಷೆಗೆ ಮಾತ್ರ ಇವರಷ್ಟು ಚೆನ್ನಾಗಿ ಯಾರೂ ತಯಾರು ಮಾಡಲಾರರು. ಎರಡು ರೋಲ್‌ಪ್ಲೇ ಇರುತ್ತವೆ, ಒಂದೊಂದು ಸುಮಾರು 5 ನಿಮಿಷ. ಟೀಚರ್ ಅಜ್ಜಿಯಾಗಿ ಕೂರುತ್ತಾರೆ, ನಾವು ನರ್ಸ್. ಮೊದಲು ಕನ್ನಡದಲ್ಲಿ ಮಾಡಿಸಿ ಆಮೇಲೆ ಇಂಗ್ಲಿಷಿನಲ್ಲಿ. “ಯೂ ಹೇಟ್ ದಿಸ್ ಟ್ಯಾಬ್ಲೆಟ್?” ಅಂತ ನಾನು ಕೇಳಿದಾಗ, ಆ ಮಾತು ಅಜ್ಜಿಯ ಮೇಲೆ ತಪ್ಪು ಹೊರಿಸಿದ ಹಾಗೆ ಕೇಳಿಸುತ್ತದೆ ಅಂತ ತಡೆದರು. ಮಾತ್ರೆಯಲ್ಲಿ ಏನು ಕಷ್ಟ ಆಗುತ್ತದೆ ಅಂತ ಕೇಳು ಅಂದರು.

ಹೋದ ತಿಂಗಳು ವಾರ್ಡಿಗೆ ಪೆರ್ಲ ಕಡೆಯ ಒಬ್ಬರು ಅಜ್ಜಿ ಬಂದರು. ದಾಖಲಾತಿ ಹಾಳೆ ತುಂಬಿಸುವಾಗ “ಒಂದು ಇಂಜೆಕ್ಷನ್ ನನಗೆ ಆಗುವುದಿಲ್ಲ” ಅಂದರು. ಮೊದಲಾಗಿದ್ದರೆ ಸೂಜಿಯ ಹೆದರಿಕೆ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಈ ಸಲ ಪೆನ್ನು ಕೆಳಗಿಟ್ಟೆ. “ಕೊಟ್ರೆ ಎಂತ ಆಗ್ತದೆ ಅಜ್ಜೀ?” ಅಂತ ಕೇಳಿದೆ. ತುಟಿ ಬಾತು ಉಸಿರು ಸಿಕ್ಕಿಕೊಂಡ ಕಥೆ ಹೇಳಿದರು. ಚೀಲದಲ್ಲಿ ಹಳೆಯ ಚೀಟಿ ಇತ್ತು, ಅದರಲ್ಲಿ ಔಷಧಿಯ ಹೆಸರೂ ಇತ್ತು. ಅಲರ್ಜಿ ಎಂಬ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿದೆ.