ಅಲೆಗ್ರೊ ಮಾರಿ ಮರೀನಾ ತಂದದ್ದು ಯಾಕೆ

ಕೈಗೆಟುಕುವ ಬೆಲೆಗೆ ಹಳೇ ಬ್ರಿಟಿಷ್ ಕಾರು ಬೇಕೆಂದರೆ ಯಾವುದು? ನನ್ನ ಓಟು ಮೋರಿಸ್ ಮರೀನಾಗೆ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಹೀಗಂದರೆ ವಯಸ್ಸಾದವರು ನಗುತ್ತಾರೆ. ಅವರ ಅಪ್ಪಂದಿರು ಓಡಿಸುತ್ತಾ ಬೈದುಕೊಂಡ ಕಾರು ಅದು. ಮಿನಿಗೋ ಎಂಜಿಬಿ ಸ್ಪೋರ್ಟ್ಸ್ ಕಾರಿಗೋ ಸಿಗುವ ಮರ್ಯಾದೆ 70ರ ದಶಕದ ಈ ಸಂಸಾರಸ್ಥರ ಕಾರುಗಳಿಗೆ ಇಲ್ಲಿ ಸಿಗುವುದಿಲ್ಲ. ಅದಕ್ಕೇ ಬೆಲೆ ನನ್ನಂಥವನಿಗೂ ಎಟುಕುತ್ತದೆ. ನನ್ನ ಬಜೆಟ್ 2,500 ಪೌಂಡ್. ಗ್ಯಾರೇಜ್ ಇಲ್ಲ, ಮನೆ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ. ವಾರಕ್ಕೊಮ್ಮೆ ಓಡಿಸುತ್ತೇನೆ, ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಮುಂದೆ ಓದುವಾಗ ಇದು ನೆನಪಿರಲಿ.

ಮೊದಲು ಕೊಂಡಿದ್ದು ಮರೀನಾ ಅಲ್ಲ, 1978ರ ಆಸ್ಟಿನ್ ಅಲೆಗ್ರೊ. 1,900 ಪೌಂಡ್. ಮಾರಿದವರು ಒಳ್ಳೇ ಮನುಷ್ಯರ ಹಾಗೆ ಕಂಡರು, ಕೂರಿಸಿ ಟೀ ಕೊಟ್ಟರು. ಹೊರಗೆ ಕಾರು ನೆಟ್ಟಗೆ ನಿಂತಿತ್ತು. ಓಡಿಸಿ ನೋಡಿದೆ, ಹಳ್ಳದಿಣ್ಣೆ ಗೊತ್ತೇ ಆಗಲಿಲ್ಲ. ಸೀಟಂತೂ ನಮ್ಮನೆ ಸೋಫಾಗಿಂತ ಮೆತ್ತಗೆ.

ಹತ್ತು ದಿನ ಕಳೆದಿರಬಹುದು, ಒಂದು ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಕಾರು ಎಡಕ್ಕೆ ವಾಲಿದೆ. ಟೈರ್ ಪಂಕ್ಚರ್ ಇರಬೇಕು ಅಂದುಕೊಂಡೆ. ಟೈರು ಸರಿಯಾಗೇ ಇದೆ! ಮುಂದಿನ ಚಕ್ರ, ಹಿಂದಿನ ಚಕ್ರ ಎರಡರ ಮೇಲೂ ಬಾಡಿ ಕೂತುಬಿಟ್ಟಿದೆ. ಎಡಗಡೆ ಮಾತ್ರ.

ಅಲೆಗ್ರೊಗೆ ಮಾಮೂಲಿ ಸ್ಪ್ರಿಂಗ್ ಇಲ್ಲ. ಅಲೆಕ್ಸ್ ಮೌಲ್ಟನ್ ರೂಪಿಸಿದ ಹೈಡ್ರಾಗ್ಯಾಸ್ ಅದರ ಸಸ್ಪೆನ್ಷನ್. ಒಂದೊಂದು ಚಕ್ರಕ್ಕೂ ಒಂದು ಉಕ್ಕಿನ ಗುಂಡು. ಗುಂಡಿನೊಳಗೆ ನೈಟ್ರೋಜನ್, ಅದರ ಕೆಳಗೆ ರಬ್ಬರ್ ಪೊರೆ, ಪೊರೆಯ ಈಚೆಗೆ ದ್ರವ. ಒಂದೇ ಬದಿಯ ಮುಂದಿನ, ಹಿಂದಿನ ಗುಂಡುಗಳಿಗೆ ನಡುವೆ ಪೈಪು. ಮುಂದಿನ ಚಕ್ರ ದಿಣ್ಣೆ ಹತ್ತಿದರೆ ದ್ರವ ಹಿಂದಕ್ಕೆ ಓಡಿ ಕಾರು ಸಮವಾಗಿ ಏಳುತ್ತದೆ. ಜಾಣತನವೇನೋ ಹೌದು. ಆದರೆ ಒಂದು ಕಡೆ ಸೋರಿದರೆ ಆ ಇಡೀ ಬದಿ ಕೂರುತ್ತದೆ.

ಮಾರಿದವರಿಗೆ ಫೋನ್ ಮಾಡಿದೆ. "ಓ, ನೀವು ಬರೋ ದಿನ ಬೆಳಿಗ್ಗೆ ಸ್ವಲ್ಪ ಪಂಪ್ ಮಾಡಿಸಿದ್ದೆ" ಅಂದರು. ಸುಮ್ನೆ, ಹವಾಮಾನದ ಸುದ್ದಿ ಹೇಳಿದ ಹಾಗೆ.

ಪಂಪ್ ಮಾಡಿಸಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಇದಕ್ಕೆ ಬೇರೆಯೇ ಪಂಪ್ ಬೇಕು, ಬೀದಿಗೊಂದು ಗ್ಯಾರೇಜಿನಲ್ಲಿ ಸಿಗುವಂಥದ್ದಲ್ಲ. 2002ರವರೆಗೆ ಬಂದ ಎಂಜಿಎಫ್ ಸ್ಪೋರ್ಟ್ಸ್ ಕಾರಿಗೂ ಇದೇ ಸಸ್ಪೆನ್ಷನ್. ಆ ಪುಣ್ಯಕ್ಕೆ ಅದನ್ನು ಇಟ್ಟುಕೊಂಡವರ ಹತ್ತಿರ ಪಂಪು ಉಳಿದಿದೆ. ಅಂಥವರೊಬ್ಬರನ್ನು ಹುಡುಕಿ ಹಾಕಿಸಿದೆ. ಕಾರು ಎದ್ದಿತು, ಆದರೆ ಎತ್ತಿನ ಗಾಡಿಯ ಹಾಗೆ ಕುಕ್ಕತೊಡಗಿತು. ಯಾಕೆ ಅಂದರೆ ಪಂಪ್ ತುಂಬುವುದು ದ್ರವ ಮಾತ್ರ. ನಲವತ್ತು ಚಿಲ್ಲರೆ ವರ್ಷದಲ್ಲಿ ಪೊರೆಯ ಮೂಲಕ ಒಂದಿಷ್ಟು ನೈಟ್ರೋಜನ್ನೇ ಹೊರಟುಹೋಗಿರುತ್ತದೆ. ಮತ್ತೆ ತುಂಬಬೇಕಾದರೆ ಗುಂಡು ಬಿಚ್ಚಿ, ತೂತು ಕೊರೆದು, ವಾಲ್ವ್ ಕೂರಿಸಬೇಕು. ಮಾಡುವವರು ಇದ್ದಾರೆ. ಮನೆ ಮುಂದೆ ಜಾಕಿ ಕೊಟ್ಟು ಮಾಡುವ ಕೆಲಸ ಅಲ್ಲ. ಕಾರಿನದೂ ತಪ್ಪಲ್ಲ ಬಿಡಿ, ವಯಸ್ಸಾದರೆ ನಮ್ಮ ಮಂಡಿಯೂ ಅಷ್ಟೇ ಅಲ್ವಾ. ಎರಡು ತಿಂಗಳಿಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ, 1,400ಕ್ಕೆ ಕೊಟ್ಟುಬಿಟ್ಟೆ.

ಆಮೇಲೆ ಆಸ್ಟಿನ್ ಮ್ಯಾಕ್ಸಿ. ಸಹೋದ್ಯೋಗಿಯೊಬ್ಬರು ಎರಡು ವಾರ ಓಡಿಸಲು ಕೊಟ್ಟಿದ್ದರು. ಜಾಗದ ವಿಷಯಕ್ಕೆ ಬಂದರೆ ಉಳಿದ ಎರಡೂ ಇದರ ಮುಂದೆ ಏನೂ ಅಲ್ಲ. ಐದು ಬಾಗಿಲು, ಐದು ಗೇರು, ಅದೂ 1969ರಲ್ಲೇ. ಸೀಟು ಮಡಚಿದರೆ ಜೋಡಿ ಹಾಸಿಗೆ. ಆದರೆ ಗೇರ್ ಹಾಕುವುದು ಮುದ್ದೆ ಕೋಲು ತಿರುವಿದ ಹಾಗೆ, ಮೂರಕ್ಕೆ ಬಿತ್ತೋ ಐದಕ್ಕೆ ಬಿತ್ತೋ ಎಂಜಿನ್ ಸದ್ದು ಕೇಳಿಯೇ ತಿಳಿಯಬೇಕು. ಅದೂ ಹೋಗಲಿ, ಅವರದು 1979ರದ್ದು, ಅಷ್ಟರಲ್ಲಿ ಮ್ಯಾಕ್ಸಿಗೂ ಹೈಡ್ರಾಗ್ಯಾಸ್ ಬಂದಿತ್ತು. ಕೈಮುಗಿದು ಬೀಗದ ಕೈ ವಾಪಸ್ ಕೊಟ್ಟೆ.

ಮಾಂಟಿಗೊ ಎಸ್ಟೇಟ್, ಅಂದರೆ ಹಿಂದೆ ಸಾಮಾನಿಗೆ ಉದ್ದ ಜಾಗ ಇರುವ ಕಾರು, ಕೂಡ ಮನಸ್ಸಿನಲ್ಲಿತ್ತು. ಮಾಂಟಿಗೊ ಕಾರನ್ನು 90ರ ದಶಕದಲ್ಲಿ ನಮ್ಮ ಬೆಂಗಳೂರಿನ ಸಿಪಾನಿಯವರೂ ಜೋಡಿಸಿ ಮಾರಿದ್ದರು, ಆ ಮಮಕಾರ. ನೋಡಿದ ಎರಡರಲ್ಲೂ ಹಿಂದಿನ ಚಕ್ರದ ಮೇಲೆ ಬೆರಳು ತೂರುವಷ್ಟು ತುಕ್ಕು.

ಈಗ ನನ್ನ ಮರೀನಾ. 1976ರದ್ದು, 1.8, ಕಂದು ಬಣ್ಣ, 2,200 ಪೌಂಡ್. ಈ ಸಲ ಹೋಗುವ ಮೊದಲೇ ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಹಳೇ ಎಂಒಟಿ ತಪಾಸಣೆಯ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಅಂತ ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆಯ, ವಿವರ ಓದಿದ್ದೆ. ಪುಕ್ಕಟೆ ಸಿಗುತ್ತದೆ. ಜೇಬಿನಲ್ಲಿ ಅಯಸ್ಕಾಂತವೂ ಇತ್ತು. ಬಾಗಿಲ ಕೆಳಗಿನ ಪಟ್ಟಿಗೆ ಅದು ಅಂಟಿತು, ಅಂದರೆ ಒಳಗೆ ಪುಟ್ಟಿ ಅಲ್ಲ, ತಗಡೇ.

ಹಿಂದೆ ಲೀಫ್ ಸ್ಪ್ರಿಂಗ್, ಹಿಂದಿನ ಚಕ್ರಕ್ಕೇ ಎಳೆತ, ಮುಂದಿನ ಸಸ್ಪೆನ್ಷನ್ ಹಳೇ ಮೋರಿಸ್ ಮೈನರ್ ಕಾಲದ್ದೇ. ಹೊಸದಿದ್ದಾಗಲೇ ಇದನ್ನು ಹಳೇ ಕಾಲದ ಕಾರು ಅಂತ ಆಡಿಕೊಂಡಿದ್ದರಂತೆ. ನನಗೆ ಬೇಕಾದ್ದು ಅದೇ. ಎಂಜಿನ್ ಬಿ ಸೀರೀಸ್, ಎಂಜಿಬಿಯದೇ 1,798 ಸಿಸಿ. ಎಂಜಿಬಿ ಇಟ್ಟುಕೊಂಡವರು ಜಾಸ್ತಿ ಇರುವುದರಿಂದ ಗ್ಯಾಸ್ಕೆಟ್, ವಾಟರ್ ಪಂಪ್ ಎಲ್ಲ ಪೋಸ್ಟಿನಲ್ಲಿ ಮನೆಗೆ ಬರುತ್ತವೆ.

ಇನ್ನೊಂದು ಕಾರಣವೂ ಇದೆ. ಅರಸೀಕೆರೆಯಲ್ಲಿ ಅಪ್ಪ ಅಂಬಾಸಿಡರ್ ಬಾಡಿಗೆಗೆ ಓಡಿಸುತ್ತಿದ್ದರು. ಅದರದ್ದೂ ಇದೇ ವಂಶದ 1,489 ಸಿಸಿ ಎಂಜಿನ್. ವಿಡಿಯೋ ಕಾಲ್‌ನಲ್ಲಿ ಬಾನೆಟ್ ಎತ್ತಿ ತೋರಿಸಿದೆ. "ಇದಕ್ಕೆ ಇಷ್ಟು ದುಡ್ಡು ಸುರಿದ್ಯೇನೋ" ಅಂತ ಶುರು ಮಾಡಿದವರು, ಟ್ಯಾಪೆಟ್ ಕವರ್ ಕಂಡದ್ದೇ ಮಾತು ನಿಲ್ಲಿಸಿ ಕನ್ನಡಕ ಹಾಕಿಕೊಂಡರು. "ಸ್ಟಾರ್ಟ್ ಮಾಡು, ಟ್ಯಾಪೆಟ್ ಸದ್ದು ಕೇಳೋಣ" ಅಂದರು. ಅರ್ಧ ಗಂಟೆ ಅವರು ಅಲ್ಲಿಂದ ಹೇಳಿದರು, ನಾನು ಇಲ್ಲಿ ತಿರುಗಿಸಿದೆ. ಅಲೆಗ್ರೊ ಜೊತೆ ಇದು ಆಗುತ್ತಿತ್ತಾ?

ದೂರು ಇಲ್ಲ ಅಂತಲ್ಲ. ತಿರುವಿನಲ್ಲಿ ಜೋರಾಗಿ ಹೋದರೆ ಮೂಗು ನೇರಕ್ಕೇ ಎಳೆಯುತ್ತದೆ. ನಾಲ್ಕೇ ಗೇರು, ಮೋಟರ್‌ವೇಯಲ್ಲಿ ಮಾತಾಡಲು ಕೂಗಬೇಕು. ಲೀಟರಿಗೆ 10 ಕಿ.ಮೀ., ಅದೂ ಎಥನಾಲ್ ಕಡಿಮೆ ಇರುವ, ತುಟ್ಟಿಯಾದ ಇ5 ಪೆಟ್ರೋಲ್ ಹಾಕಿ.

40 ವರ್ಷ ದಾಟಿದ್ದರಿಂದ ರಸ್ತೆ ತೆರಿಗೆ ಇಲ್ಲ, ಎಂಒಟಿ ಕಡ್ಡಾಯವಲ್ಲ. ನಾನು ಆದರೂ ಮಾಡಿಸುತ್ತೇನೆ, ಅಲೆಗ್ರೊ ಕಲಿಸಿದ ಭಯ. ಹಳೇ ಕಾರೆಂದು ಬರ್ಮಿಂಗ್‌ಹ್ಯಾಮ್ ನಗರದೊಳಗಿನ ಹೊಗೆ ಶುಲ್ಕವೂ ಇಲ್ಲ.

ಎಂಜಿನ್ ಪಾರ್ಟ್ಸ್ ಸಿಕ್ಕಷ್ಟು ಸುಲಭವಾಗಿ ಬಾಡಿ ಪಾರ್ಟ್ಸ್ ಸಿಗುವುದಿಲ್ಲ. ಬಲಗಡೆ ಮುಂದಿನ ಮಡ್‌ಗಾರ್ಡ್ ಕೆಳಗಿನಿಂದ ಉದುರತೊಡಗಿದೆ. ನಾಲ್ಕು ತಿಂಗಳಿಂದ ಹುಡುಕುತ್ತಿದ್ದೇನೆ. ಸಿಕ್ಕಿದ್ದು ಒಂದೇ, ಅದೂ ಎಡಗಡೆಯದು. ತೆಗೆದಿಟ್ಟುಕೊಂಡಿದ್ದೇನೆ.