ಕಾಲು ಮಿಲಿಗ್ರಾಂ ಸರಕು, ನಲವತ್ತು ಸಾವಿರದ ಬಿಲ್ಲು

"ಇಷ್ಟು ದುಡ್ಡಿಗೆ ಎಷ್ಟು ಗ್ರಾಂ ಬರುತ್ತೆ ಮೇಡಂ?" ಅಂತ ಪರ್ಚೇಸ್ ಸೆಕ್ಷನ್ನಿನವರು ಕೇಳಿದರು. ಲೆಕ್ಕ ಹಾಕಿ ಹೇಳಿದೆ: ನಾಲ್ಕು ಟ್ಯೂಬೂ ಸೇರಿ ಒಂದು ಮಿಲಿಗ್ರಾಮಿನ ಕಾಲು ಭಾಗ. ಅವರು ಪೆನ್ನು ಕೆಳಗಿಟ್ಟರು.

ಬೆಂಗಳೂರಿನ ಒಂದು ಜೀವಕೋಶ ಲ್ಯಾಬಿನಲ್ಲಿ ನಾನು ಮ್ಯಾನೇಜರ್. ಗ್ಲೌಸಿನಿಂದ ಹಿಡಿದು ಆಂಟಿಬಾಡಿವರೆಗೆ ಇಂಡೆಂಟ್ ಬರೆಯೋದು, ಮೂರು ಕೊಟೇಶನ್ ಜೋಡಿಸೋದು ಎಲ್ಲ ನನ್ನ ತಲೆಗೇ. ಈ ಸಲ ತರಿಸಿದ್ದು ಎಸ್‌ಐಆರ್‌ಎನ್‌ಎ, ಅಂದರೆ ಬೇಕಾದ ಜೀನಿನ ಬಾಯಿ ಮುಚ್ಚಿಸೋ ಗಿಡ್ಡ ಆರ್‌ಎನ್‌ಎ. ಕಂಪನಿಯ ಹೆಸರು ಬರೆಯೋದಿಲ್ಲ. ಅವರ ಹತ್ತಿರ ಇನ್ನೂ ಕೆಲಸ ಬಾಕಿ ಇದೆ.

ಪರ್ಚೇಸಿನವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಜೀನ್ ಒಂದು ಪ್ರೋಟೀನ್ ಮಾಡಿಸಬೇಕಾದರೆ ಮೊದಲು ಆರ್‌ಎನ್‌ಎ ಚೀಟಿ ಬರೆದು ಕಳಿಸುತ್ತೆ. ಆ ಚೀಟಿಗೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ಕೊಟ್ಟರೆ, ಜೀವಕೋಶ ತನ್ನದೇ ಚೀಟಿಯನ್ನು ತಾನೇ ಕತ್ತರಿಸಿ ಹಾಕುತ್ತೆ. ಇದನ್ನು 1998ರಲ್ಲಿ ಹುಳುವಿನಲ್ಲಿ ತೋರಿಸಿದ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಬಂತು. ಹುಳುವಿಗೆ ಉದ್ದನೆಯ ಎಳೆ ಕೊಟ್ಟರೂ ನಡೆಯುತ್ತೆ. ಮನುಷ್ಯನ ಜೀವಕೋಶಕ್ಕೆ ಅದನ್ನೇ ಕೊಟ್ಟರೆ ವೈರಸ್ ನುಗ್ಗಿತು ಅಂತ ಊರೆಲ್ಲ ಎಬ್ಬಿಸಿಬಿಡುತ್ತೆ. 21 ಅಕ್ಷರದ ಗಿಡ್ಡ ಎಳೆಯಾದರೆ ಗಲಾಟೆಯಿಲ್ಲದೆ ಕೆಲಸ ಆಗುತ್ತೆ ಅಂತ 2001ರಲ್ಲಿ ಜರ್ಮನಿಯ ಗೊಟಿಂಗೆನ್‌ನಲ್ಲಿ ಥಾಮಸ್ ಟುಶ್ಲ್ ಅವರ ತಂಡ ತೋರಿಸಿತು. ನಾವು ದುಡ್ಡು ಕೊಟ್ಟಿದ್ದು ಆ ಗಿಡ್ಡ ಎಳೆಗೆ: ಒಂದೇ ಜೀನಿನ ಚೀಟಿಗೆ ನಾಲ್ಕು ಬೇರೆ ಬೇರೆ ಎಳೆ, ಒಂದೊಂದು ಒಂದೊಂದು ಟ್ಯೂಬಿನಲ್ಲಿ.

ಪೆಟ್ಟಿಗೆ ಬಂದಿದ್ದು ಶುಕ್ರವಾರ ಸಂಜೆ ಆರೂವರೆಗೆ. ಗೇಟಿನ ಸೆಕ್ಯುರಿಟಿ ಅಣ್ಣ ಸಹಿ ಹಾಕಿ ಟೇಬಲ್ ಕೆಳಗಿಟ್ಟು ಮರೆತರು. ಸೋಮವಾರ ನೋಡಿ ನನ್ನ ಎದೆ ಧಸಕ್ಕೆಂದಿತು. ಆರ್‌ಎನ್‌ಎ ಅಂದರೆ ಉಸಿರು ತಾಕಿದರೂ ಕೆಡುತ್ತೆ ಅನ್ನೋ ಭಯದಲ್ಲಿ ಬೆಳೆದವರು ನಾವು. ಏಜೆಂಟಿಗೆ ಫೋನ್ ಹಚ್ಚಿ ಬಾಯಿಗೆ ಬಂದಿದ್ದೆಲ್ಲ ಅಂದೆ. ಅವರು ತಣ್ಣಗೆ, "ಒಣಗಿಸಿ ಕಳಿಸಿರ್ತಾರೆ ಮೇಡಂ, ಹೊರಗಿದ್ದರೂ ಏನೂ ಆಗಲ್ಲ" ಅಂದರು. ಅವರು ಹೇಳಿದ್ದು ನಿಜವೇ. ಒಣಗಿದ ಜೋಡಿ ಎಳೆ ಮೂರು ದಿನಕ್ಕೆಲ್ಲ ಜಗ್ಗೋದಿಲ್ಲ. ಆದರೂ ಶುಕ್ರವಾರ ಸಂಜೆ ಡೆಲಿವರಿ ಕೊಟ್ಟಿದ್ದಕ್ಕೆ ಅರ್ಧ ನಕ್ಷತ್ರ ಕಟ್.

ಆಮೇಲೆ ನಮ್ಮ ಪಿಎಚ್‌ಡಿ ಹುಡುಗ ಓಡಿ ಬಂದ: "ಅಕ್ಕಾ, ಖಾಲಿ ಟ್ಯೂಬ್ ಕಳಿಸಿದ್ದಾರೆ!" ಖಾಲಿಯೇನಲ್ಲ. ಒಂದೊಂದರಲ್ಲಿ 5 ನ್ಯಾನೋಮೋಲ್ ಇದೆ, ಕಣ್ಣಿಗೆ ಕಾಣೋದಿಲ್ಲ ಅಷ್ಟೆ. ಮುಚ್ಚಳಕ್ಕೆ ಅಂಟಿರುತ್ತೆ, ತೆಗೆಯೋ ಮುಂಚೆ ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ಹೊಡೆಸಬೇಕು. ಆ ಮಾತು ಕೈಪಿಡಿಯ ನಾಲ್ಕನೇ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ಟ್ಯೂಬಿನ ಮೇಲೇ ಚೀಟಿ ಅಂಟಿಸಿದ್ದರೆ ಏನು ಹೋಗ್ತಿತ್ತು? 250 ಮೈಕ್ರೋಲೀಟರ್ ಬಫರ್ ಹಾಕಿದರೆ 20 ಮೈಕ್ರೋಮೋಲಾರ್ ಸ್ಟಾಕ್. ಕೋಶ ಬೆಳೆಸೋ 24 ಗುಂಡಿಯ ಪ್ಲೇಟಿನಲ್ಲಿ 10 ನ್ಯಾನೋಮೋಲಾರಿಗೆ ಗುಂಡಿಯೊಂದಕ್ಕೆ ಕಾಲು ಮೈಕ್ರೋಲೀಟರ್ ಸಾಕು. ಅಷ್ಟನ್ನು ಯಾವ ಪಿಪೆಟ್ಟೂ ಸರಿಯಾಗಿ ಎಳೆಯೋದಿಲ್ಲ, ಹತ್ತು ಪಟ್ಟು ತೆಳು ಮಾಡಿಕೊಳ್ಳಿ. ಆ ಲೆಕ್ಕದಲ್ಲಿ ಒಂದು ಟ್ಯೂಬಿಗೆ ಸಾವಿರ ಗುಂಡಿ ಬರುತ್ತೆ. ಇದನ್ನು ಕೇಳಿದ ಮೇಲೇ ಪರ್ಚೇಸಿನವರು ಪೆನ್ನು ಎತ್ತಿದ್ದು.

ಈಗ ಕೆಲಸದ ವಿಷಯ. ಕಂಪನಿಯ ಗ್ಯಾರಂಟಿ: ನಾಲ್ಕರಲ್ಲಿ ಮೂರಾದರೂ ಟ್ಯೂಬು ಚೀಟಿಯನ್ನು 75% ಇಳಿಸುತ್ತವೆ. 24 ಗಂಟೆಗೆ ಕ್ಯೂಪಿಸಿಆರ್ (ಎಷ್ಟು ಚೀಟಿ ಉಳಿದಿದೆ ಅಂತ ಅಳೆಯೋ ಪರೀಕ್ಷೆ) ಮಾಡಿದರೆ ಒಂದು, ಎರಡು, ನಾಲ್ಕನೇ ಟ್ಯೂಬು ಮಾತು ಉಳಿಸಿಕೊಂಡವು. ಮೂರನೆಯದು ಅರ್ಧಕ್ಕೂ ಇಳಿಸಲಿಲ್ಲ. ಅದೇ ದಿನ ಪ್ರೋಟೀನ್ ಎಷ್ಟಿದೆ ಅಂತ ನೋಡೋ ವೆಸ್ಟರ್ನ್ ಬ್ಲಾಟಿನಲ್ಲಿ ಪ್ರೋಟೀನ್ ಪಟ್ಟಿ ಮಾತ್ರ ನಾಲ್ಕಕ್ಕೂ ದಪ್ಪಗೆ ಕೂತಿತ್ತು. ಹುಡುಗ ಊಟ ಬಿಟ್ಟ. ಗ್ಯಾರಂಟಿ ಇರೋದು ಚೀಟಿಗೆ, ಪ್ರೋಟೀನಿಗಲ್ಲ. ಹೊಸ ಚೀಟಿ ಹರಿದರೆ ಮೊದಲೇ ಆದ ಅಡುಗೆ ಪಾತ್ರೆಯಲ್ಲಿ ಇದ್ದೇ ಇರುತ್ತಲ್ಲ. ಟೆಕ್ನಿಕಲ್ ಸಪೋರ್ಟಿಗೆ ಮೇಲ್ ಹಾಕಿದೆ. ಎರಡೇ ದಿನದಲ್ಲಿ ಉತ್ತರ ಬಂತು, ಅದೂ ಯಾರೋ ಕೆಲಸ ಬಲ್ಲವರು ಬರೆದದ್ದು: 72 ಗಂಟೆವರೆಗೆ ಕಾಯಿರಿ. ಕಾದೆವು, ಪಟ್ಟಿ ಮಾಸಿತು. ಇದಕ್ಕೆ ಪೂರ್ತಿ ಅಂಕ.

ಪೆಟ್ಟಿಗೆಯಲ್ಲಿ ನನಗೆ ತುಂಬ ಹಿಡಿಸಿದ್ದು ಎರಡು ಕಂಟ್ರೋಲ್ ಟ್ಯೂಬು. ಒಂದು ಯಾವ ಜೀನನ್ನೂ ಮುಟ್ಟದ್ದು. ಇನ್ನೊಂದು ಪಿಎಲ್‌ಕೆ1 ಜೀನಿನದು, ಅದು ನಿಂತರೆ ಹೀಲಾ ಕೋಶಗಳು (ಲ್ಯಾಬಿನಲ್ಲಿ ಬೆಳೆಸೋ ಮನುಷ್ಯರ ಕ್ಯಾನ್ಸರ್ ಕೋಶಗಳು) ವಿಭಜನೆಯ ನಡುವೆ ಸಿಕ್ಕಿಬಿದ್ದು ಗುಂಡಗಾಗಿ ಸಾಯುತ್ತವೆ. ಬ್ಲಾಟೂ ಬೇಡ, ಎರಡು ದಿನ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡಿದರೆ ಎಳೆ ಒಳಗೆ ಹೋಗಿದೆಯೋ ಇಲ್ಲವೋ ಗೊತ್ತಾಗುತ್ತೆ.

ನಾಲ್ಕನೇ ಟ್ಯೂಬಿನ ಕಥೆ ಬೇರೆ. ಅದು ಹಾಕಿದ ಕೋಶಗಳು ಉದ್ದಕ್ಕೆ ಚಾಚಿಕೊಂಡು ಚಿತ್ರದ ಹಾಗೆ ಕಂಡವು. ಹುಡುಗ ಕುಣಿದಾಡಿಬಿಟ್ಟ, ನಮ್ಮ ಬಾಸ್ ಸ್ಲೈಡ್ ಕೂಡ ಮಾಡಿಸಿದರು. ಆದರೆ ಚೀಟಿಯನ್ನು ಅಷ್ಟೇ ಇಳಿಸಿದ ಒಂದು, ಎರಡನೇ ಟ್ಯೂಬಿನ ಕೋಶಗಳು ಎಂದಿನಂತೆಯೇ ಇದ್ದವು. ಎಳೆಯ ಎರಡರಿಂದ ಎಂಟನೇ ಅಕ್ಷರ ಹೊಂದಿಕೊಂಡರೆ ಸಾಕು, ಸಂಬಂಧವಿಲ್ಲದ ಚೀಟಿಗಳಿಗೂ ಏಟು ಬೀಳುತ್ತೆ. ಇಲ್ಲಿ ಆಗಿದ್ದೂ ಅದೇ ಇರಬೇಕು: ಎಳೆಗೆ ಸಿಗದ ಹಾಗೆ ಅಕ್ಷರ ಬದಲಿಸಿದ ಜೀನನ್ನು ವಾಪಸ್ ಹಾಕಿದಾಗಲೂ ಆ ಚಾಚು ಹೋಗಲಿಲ್ಲ. ನಮ್ಮ ಜೀನ್ ನಿಂತದ್ದೇ ಕಾರಣ ಆಗಿದ್ದರೆ ಹೋಗಬೇಕಿತ್ತು. ಸ್ಲೈಡ್ ಡಿಲೀಟ್ ಆಯಿತು.

ಏಜೆಂಟ್ ಮೊದಲು ಒತ್ತಾಯ ಮಾಡಿದ್ದು ನಾಲ್ಕನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿದ ಅಗ್ಗದ ಪೂಲಿಗೆ. ಬೆರೆಸಿದರೆ ಒಂದೊಂದರ ಅಡ್ಡಪರಿಣಾಮ ತೆಳುವಾಗುತ್ತೆ ಅನ್ನೋದು ಸುಳ್ಳಲ್ಲ. ಆದರೆ ಯಾವುದು ಏನು ಮಾಡಿತು ಅಂತ ಬಿಡಿಸಿ ನೋಡೋಕೆ ಬರಲ್ಲ. ಬಿಡಿಬಿಡಿಯಾಗಿಯೇ ತಗೊಳ್ಳಿ, ಎಳೆಯ ಅಕ್ಷರಗಳನ್ನು ಕೊಡದ ಕಂಪನಿಯಾದರೆ ಕೊಟೇಶನ್ನೇ ಕೇಳಬೇಡಿ. ಇವರು ಕೊಟ್ಟರು, ಅದಿಲ್ಲದೆ ಆ ಜೀನ್ ವಾಪಸ್ ಹಾಕುವ ಪ್ರಯೋಗ ಮಾಡೋಕೇ ಆಗ್ತಿರಲಿಲ್ಲ.

ಐದಕ್ಕೆ ಮೂರೂವರೆ ನಕ್ಷತ್ರ. ಮೂರನೇ ಟ್ಯೂಬಿಗೆ ಬದಲಿ ಕಳಿಸ್ತೀವಿ ಅಂದಿದ್ದಾರೆ. ಆರು ವಾರ ಆಯ್ತು, ಶುಕ್ರವಾರ ಸಂಜೆ ಗೇಟಿನ ಕಡೆ ಒಂದು ಕಣ್ಣಿಟ್ಟೇ ಇದ್ದೀನಿ.