ಫಿರೋಜಾ ಸರಕ್ಕೆ ದುಡ್ಡು ಕೊಡುವ ಮುಂಚೆ ಮಣಿಯ ತೂತು ನೋಡಿ

‘ಹಳೇ ಕಾಲದ ಅಸಲಿ ಫಿರೋಜಾ’ ಅಂತ ಆನ್‌ಲೈನ್‌ನಲ್ಲಿ ಸರ, ಓಲೆ, ಉಂಗುರ ಮಾರುವವರ ಬಗ್ಗೆ ದಯವಿಟ್ಟು ಎಚ್ಚರವಾಗಿರಿ. ಟರ್ಕ್ವಾಯ್ಸ್ ಅಂತಲೂ ಕರೆಯುವ ಈ ಕಲ್ಲಿನ ಹೆಸರಲ್ಲಿ ಬಣ್ಣ ಹಾಕಿದ ಬಿಳಿ ಕಲ್ಲು, ಗಾಜು, ಪ್ಲಾಸ್ಟಿಕ್ ಎಲ್ಲವೂ ಬಿಕರಿಯಾಗುತ್ತಿವೆ. ನಕಲಿ ಕಲ್ಲಿನ ಒಡವೆ ತೊಡುವುದರಲ್ಲಿ ತಪ್ಪೇನೂ ಇಲ್ಲ, ನನಗೂ ಇಷ್ಟವೇ. ಆದರೆ ಅದಕ್ಕೆ ಅಸಲಿಯ ಬೆಲೆ ಕೀಳುವುದು ಶುದ್ಧ ಮೋಸ.

ನನಗೆ ಬಂದ ಸರವನ್ನು ಇರಾನಿನ ಕಲ್ಲು, ಬೆಳ್ಳಿಯ ಕೊಂಡಿ ಅಂತ ಹೇಳಿ ಮಾರಿದ್ದರು. ‘ಕೈಯಲ್ಲಿ ಹಿಡಿದು ನೋಡಿ, ತೂಕವೇ ಹೇಳುತ್ತೆ’ ಅಂತ ಬೇರೆ ಭರವಸೆ. ತೂಕವೇನೋ ಇತ್ತು. ಕೊಂಡಿಯ ಹತ್ತಿರ ದಾರ ಸಡಿಲವಾಗಿದ್ದ ಕಡೆ ಎರಡು ಮಣಿಗಳನ್ನು ಸರಿಸಿ, ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆ. ತೂತಿನ ಅಂಚಲ್ಲಿ ಗಾಢ ನೀಲಿ ಮಡುಗಟ್ಟಿ ನಿಂತಿತ್ತು, ಒಳಗೆ ಮಾತ್ರ ಸುಣ್ಣದಂಥ ಬಿಳಿ. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದು ಮಣಿಯ ಮೂಲೆ ಒರೆಸಿದರೆ ಹತ್ತಿಯೆಲ್ಲ ನೀಲಿ. ಕೊಂಡಿಯ ಕೆಳಗೆ ಲೇಪ ಸವೆದು ಹಳದಿ ಲೋಹ ಇಣುಕುತ್ತಿತ್ತು. ರತ್ನ ಪರೀಕ್ಷೆಯ ಲ್ಯಾಬ್‌ಗೆ ಕೊಟ್ಟಾಗ ಬಂದ ಉತ್ತರ: ಬಣ್ಣ ಹಾಕಿದ ಮ್ಯಾಗ್ನಸೈಟ್ ಎಂಬ ಬಿಳಿ ಕಲ್ಲು. ಆ ವರದಿ ಕಳಿಸಿ ಹಣ ಕೇಳಿದರೆ, ‘ಫ್ಯಾಷನ್ ಒಡವೆಗೆ ವಾಪಸಾತಿ ಇಲ್ಲ’ ಅಂದುಬಿಟ್ಟರು. ಮಾರುವಾಗ ಅಸಲಿ, ಹಣ ಕೇಳಿದಾಗ ಫ್ಯಾಷನ್!

ಅಸಲಿ ಫಿರೋಜಾ ಅಂದರೆ ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದ ಫಾಸ್ಫೇಟ್ ಖನಿಜ. ನೀಲಿ ಬರುವುದು ತಾಮ್ರದಿಂದ. ಹೌಲೈಟ್, ಮ್ಯಾಗ್ನಸೈಟ್ ಎಂಬ ಬಿಳಿ ಕಲ್ಲುಗಳಲ್ಲೂ ಬೂದು, ಕಪ್ಪು ಗೆರೆಗಳಿರುತ್ತವೆ, ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಅದಕ್ಕೇ ನಕಲಿಗೆ ಇವೇ ಹೆಚ್ಚು ಬಳಕೆ. ಗೆರೆ ಇದೆ, ಹಾಗಾಗಿ ಅಸಲಿ ಅನ್ನುವ ಮಾತನ್ನು ನಂಬಲೇಬೇಡಿ. ತೂಕದ ಮಾತೂ ಅಷ್ಟೇ ಪೊಳ್ಳು: ಫಿರೋಜಾದ ಸಾಂದ್ರತೆ ನೀರಿನ ಸುಮಾರು 2.6ರಿಂದ 2.9 ಪಟ್ಟು, ಮ್ಯಾಗ್ನಸೈಟ್‌ನದು ಸುಮಾರು 3 ಪಟ್ಟು. ಅಂದರೆ ಈ ನಕಲಿಯೇ ಹೆಚ್ಚು ಭಾರ! ಹಗುರವಾಗಿದ್ದು, ಮುಟ್ಟಿದರೆ ತಣ್ಣಗನಿಸದೆ, ಅಚ್ಚಿನ ಗೆರೆ ಕಂಡರೆ ಪ್ಲಾಸ್ಟಿಕ್ ಇರಬಹುದು. ಒಳಗೆ ಸಣ್ಣ ಗುಳ್ಳೆಗಳಿದ್ದರೆ ಗಾಜಿರಬಹುದು.

ಅಸಿಟೋನ್‌ಗೆ ಬಣ್ಣ ಬಿಡಲಿಲ್ಲ ಅಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಬಣ್ಣದ ಮೇಲೆ ರಾಳವನ್ನೋ ಮೇಣವನ್ನೋ ಬಳಿದಿದ್ದರೆ ಅದು ಬಿಡುವುದಿಲ್ಲ. ಅಸಲಿ ಕಲ್ಲಿಗೂ ಅಸಿಟೋನ್ ಒಳ್ಳೆಯದಲ್ಲ, ಆದ್ದರಿಂದ ಇನ್ನೊಬ್ಬರ ಒಡವೆಯ ಮೇಲಂತೂ ಈ ಪ್ರಯೋಗ ಬೇಡ. ಕಾದ ಸೂಜಿ ಚುಚ್ಚುವ ಪರೀಕ್ಷೆ ಅದಕ್ಕಿಂತ ಕೆಟ್ಟದ್ದು, ಕಲೆ ಉಳಿದೇಹೋಗುತ್ತದೆ.

ಇನ್ನು ಅಸಲಿಯಲ್ಲೂ ತರತಮ ಇದೆ, ಅದನ್ನು ಕೇಳಿ ತಿಳಿದುಕೊಳ್ಳಿ. ಮೆದು ಕಲ್ಲಿಗೆ ರಾಳ ತುಂಬಿ ಗಟ್ಟಿ ಮಾಡುವುದು ಮಾಮೂಲು, ಮಾರುವವರು ಅದನ್ನು ಹೇಳಬೇಕು. ಪುಡಿಯನ್ನು ರಾಳದಲ್ಲಿ ಕಲಸಿ ಅಚ್ಚು ಹಾಕಿದ್ದಕ್ಕೆ ನೈಸರ್ಗಿಕ ಕಲ್ಲಿನ ಬೆಲೆ ಸಲ್ಲದು. ‘ಆಫ್ರಿಕನ್ ಟರ್ಕ್ವಾಯ್ಸ್’ ಅಂತ ಮಾರುವ ಮಣಿಗಳು ಸಾಮಾನ್ಯವಾಗಿ ಜ್ಯಾಸ್ಪರ್ ಎಂಬ ಬೇರೆಯೇ ಕಲ್ಲು, ಫಿರೋಜಾ ಅಲ್ಲವೇ ಅಲ್ಲ.

ಹಾಗಾದರೆ ನಕಲಿಗೆ ಎಷ್ಟು ಕೊಡಬಹುದು? ಕಲ್ಲಿಗೆ ಅಂತ ಪ್ರತ್ಯೇಕವಾಗಿ ಏನೂ ಕೊಡಬೇಡಿ. ವಿನ್ಯಾಸ, ಕೆಲಸದ ಅಚ್ಚುಕಟ್ಟು, ಈಗಿನ ಸ್ಥಿತಿ, ಇಷ್ಟನ್ನೇ ಲೆಕ್ಕಕ್ಕೆ ಹಿಡಿಯಿರಿ. ಕಲ್ಲನ್ನು ಲೋಹದ ಅಂಚಿನಿಂದ ಬಿಗಿದಿದ್ದಾರೋ, ಬರೀ ಅಂಟಿಸಿದ್ದಾರೋ ನೋಡಿ. ಹಳೆಯ ಫ್ಯಾಷನ್ ಒಡವೆಯ ಹಿಂದೆ ಹೆಸರಾಂತ ತಯಾರಕರ ಮುದ್ರೆ ಇದ್ದರೆ ಕಲ್ಲು ಗಾಜಾದರೂ ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಾರೆ. ಮುದ್ರೆಯಿಲ್ಲದ್ದನ್ನು ‘ಹಳೇ ಕಾಲದ್ದು’ ಅನ್ನುವ ಒಂದೇ ಮಾತಿಗೆ ದುಬಾರಿ ಮಾಡಿದರೆ ಅಲ್ಲಿಂದ ಎದ್ದು ಬನ್ನಿ.

ದುಡ್ಡು ಕಳಿಸುವ ಮೊದಲು ತೂತಿನ, ಕೊಂಡಿಯ, ಹಿಂಬದಿಯ ಫೋಟೊ ಕೇಳಿ. ಕಲ್ಲು ಯಾವುದು, ಅದಕ್ಕೆ ಏನು ಮಾಡಿದ್ದಾರೆ, ಲೋಹ ಯಾವುದು ಅನ್ನುವುದನ್ನು ಬರಹದಲ್ಲೇ ಪಡೆಯಿರಿ. ಜರ್ಮನ್ ಸಿಲ್ವರ್ ಅಂದರೆ ಅದರಲ್ಲಿ ಬೆಳ್ಳಿ ಇರುವುದಿಲ್ಲ, ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ ಅದು. ನಿಕ್ಕಲ್ ಅಲರ್ಜಿ ಇರುವವರಿಗೆ ಕತ್ತಿನಲ್ಲಿ ತುರಿಕೆ, ಗುಳ್ಳೆ ಏಳಬಹುದು. ನಿಕ್ಕಲ್ ಪತ್ತೆಗೆ ಸಣ್ಣ ಕಿಟ್ ಸಿಗುತ್ತದೆ. ಅದರ ದ್ರಾವಣ ಹಾಕಿ ಉಜ್ಜಿದ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಆ ಸರವನ್ನು ಮಕ್ಕಳಿಗಂತೂ ಹಾಕಬೇಡಿ.